ಚರ್ಚಿನಂಗಳದ ಬೆಂಚು: ಬೆಲೆಯೆಷ್ಟು, ಖರ್ಚೆಷ್ಟು?

ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಲೆಕ್ಕ ಹಾಕಬೇಕೆಂದು ಪ್ರಭು ಕ್ರಿಸ್ತರು ನೀಡಿದ ಎಚ್ಚರಿಕೆ ಸಂತ ಲೂಕನ ಶುಭಸಂದೇಶದ 14ನೆಯ ಅಧ್ಯಾಯದಲ್ಲಿದೆ. ಈ ಸಾಮತಿಯ ಮೇಲೆ ನಾವು ಎಷ್ಟೋ ಪ್ರಬೋಧನೆಗಳನ್ನು ಕೇಳಿದ್ದೇವೆ. ಆದರೆ ಗೋಪುರವಲ್ಲ, ಕೇವಲ ಕುಳಿತುಕೊಳ್ಳುವ ಬೆಂಚಿನ ವಿಷಯ ಬಂದಾಗ ನಮ್ಮ ಪಾಲನಾ ಮಂಡಳಿಯ ಸಭೆಯಲ್ಲಿ ಯಾರೂ ಕುಳಿತು ಲೆಕ್ಕ ಹಾಕಲಿಲ್ಲ. ಎಲ್ಲರೂ ಎದ್ದು ನಿಂತು ವಾದಿಸಿದೆವು.

ವಿಷಯ ಇಷ್ಟೇ. ಚರ್ಚಿನ ಮುಂದಿನ ಮೈದಾನದ ಅಂಚಿನಲ್ಲೂ ಮಾತೆ ಮರಿಯಮ್ಮನವರ ಗ್ರೊಟ್ಟೊದ ಎದುರೂ ಇಪ್ಪತ್ತು ಬೆಂಚುಗಳು ಬೇಕಾಗಿವೆ. ಮೇಜಿನ ಮೇಲೆ ಎರಡು ಕೊಟೇಶನ್‌ಗಳಿದ್ದವು. ಒಂದು ಊರಿನ ಆಚಾರಿಯದು, ಮರದ ಬೆಂಚಿಗೆ. ಇನ್ನೊಂದು ಮರುಬಳಕೆಯ ಪ್ಲಾಸ್ಟಿಕ್ಕಿನಿಂದ ಮಾಡಿದ ಹಲಗೆಗಳ ಬೆಂಚಿನದು. ಒಂದು ಪಕ್ಷದವರು ಪ್ಲಾಸ್ಟಿಕ್ಕಿಗೆ ಮಳೆಯಿಲ್ಲ, ಗೆದ್ದಲಿಲ್ಲ, ಬೆಲೆಯೂ ಕಡಿಮೆ, ಜೊತೆಗೆ ಪರಿಸರ ಸೇವೆಯೂ ಆಯಿತು ಎಂದರು. ಇನ್ನೊಂದು ಪಕ್ಷದವರು, ಬಡಗಿಯ ಮನೆಯಲ್ಲಿ ಬೆಳೆದ ಪ್ರಭುವಿನ ಅಂಗಳದಲ್ಲಿ ಪ್ಲಾಸ್ಟಿಕ್ ಇಡುವುದೇ ಎಂದು ಕೇಳಿದರು. ಎರಡು ವಾದಗಳಿಗೂ ಚಪ್ಪಾಳೆ ಬಿತ್ತು. ತೀರ್ಮಾನ ಮುಂದಿನ ಸಭೆಗೆ ಹೋಯಿತು. ನಮ್ಮ ಜಿಲ್ಲೆಯ ಅನೇಕ ಧರ್ಮಕೇಂದ್ರಗಳಲ್ಲಿ ಇದೇ ಚರ್ಚೆ ಇಂದಲ್ಲ ನಾಳೆ ಬರಲಿರುವುದರಿಂದ ನಾಲ್ಕು ಮಾತು ಬರೆಯುವುದು ಉಚಿತವೆಂದು ತೋರಿತು.

ಮೊದಲಿಗೆ ಒಂದು ತಪ್ಪೊಪ್ಪಿಗೆ. ಹಲವು ವರ್ಷಗಳ ಹಿಂದೆ, ನಾನು ಯುವಜನ ಸಂಘಟನೆಯಲ್ಲಿದ್ದಾಗ, ಇದೇ ಗ್ರೊಟ್ಟೊದ ಎದುರು ಆರು ಮರದ ಬೆಂಚುಗಳನ್ನು ಹಾಕಿಸಿದ್ದೆವು. ಒಳ್ಳೆಯ ಮರ, ಒಳ್ಳೆಯ ಕೆಲಸ. ಮೊದಲ ಎರಡು ವರ್ಷ ಮುಂಗಾರಿಗೆ ಮುಂಚೆ ನಾವೇ ಎಣ್ಣೆ ಹಚ್ಚಿದೆವು. ಮೂರನೆಯ ವರ್ಷ ಕ್ರಿಕೆಟ್ ಪಂದ್ಯಾಟವಿತ್ತು. ನಾಲ್ಕನೆಯ ವರ್ಷ ಪದಾಧಿಕಾರಿಗಳು ಬದಲಾದರು. ಬಳಿಕ ಆ ಬೆಂಚುಗಳು ಯಾರದೆಂದು ಯಾರಿಗೂ ನೆನಪಿರಲಿಲ್ಲ. ಏಳನೆಯ ಮಳೆಗಾಲದ ಹೊತ್ತಿಗೆ ಕಾಲುಗಳು ಮಣ್ಣಿನ ಮಟ್ಟದಲ್ಲಿ ಕೊಳೆತು, ಒಂದರ ಮೇಲೆ ಕುಳಿತ ವೃದ್ಧೆಯೊಬ್ಬರು ಪಕ್ಕಕ್ಕೆ ವಾಲಿ ಬಿದ್ದರು. ದೇವರ ದಯೆಯಿಂದ ಎಲುಬು ಮುರಿಯಲಿಲ್ಲ. ಆ ವರ್ಷದ ಹಬ್ಬದ ಊಟಕ್ಕೆ ಅನ್ನ ಬೇಯಿಸಲು ಆ ಬೆಂಚುಗಳೇ ಸೌದೆಯಾದವು. ಅಂದು ಅವುಗಳಿಗೆ ಕೊಟ್ಟ ಬೆಲೆ ನನಗೆ ನೆನಪಿದೆ; ಅವುಗಳಿಗೆ ಆದ ಖರ್ಚನ್ನು ಮಾತ್ರ ನಾವು ಎಂದೂ ಬರೆದಿಡಲಿಲ್ಲ.

ಬೆಲೆ ಬೇರೆ, ಖರ್ಚು ಬೇರೆ. ಬೆಲೆಯು ಕೊಟೇಶನ್ನಿನ ಕೊನೆಯ ಸಾಲಿನಲ್ಲಿರುತ್ತದೆ. ಖರ್ಚನ್ನು ತಿಳಿಯಬೇಕಾದರೆ, ಆ ಬೆಂಚು ಎಷ್ಟು ವರ್ಷ ನಿಲ್ಲುತ್ತದೆ, ಆ ವರ್ಷಗಳಲ್ಲಿ ಅದಕ್ಕೆ ಏನೇನು ಮಾಡಬೇಕಾಗುತ್ತದೆ, ಕೊನೆಗೆ ಅದನ್ನು ಎಲ್ಲಿಗೆ ಕಳುಹಿಸಬೇಕು ಎಂಬುದನ್ನೆಲ್ಲ ಕೂಡಿಸಿ, ವರ್ಷಗಳಿಂದ ಭಾಗಿಸಬೇಕು.

ಕಾಗದದ ಮೇಲೆ ಒಂದು ಲೆಕ್ಕ ಮಾಡೋಣ. ಇಲ್ಲಿನ ಅಂಕಿಗಳು ಕೇವಲ ಉದಾಹರಣೆಗಾಗಿ. ಓದುಗರು ತಮ್ಮ ಊರಿನ ಕೊಟೇಶನ್ನಿನ ಅಂಕಿಗಳನ್ನು ಇವುಗಳ ಸ್ಥಾನದಲ್ಲಿ ಇಟ್ಟುಕೊಳ್ಳಬೇಕು. ಆರಡಿ ಉದ್ದದ, ಬೆನ್ನೊರಗುವಂತಹ ಬೆಂಚಿಗೆ ಏಳು ಪಟ್ಟಿಗಳು, ಕಾಲುಗಳು, ಅಡ್ಡಪಟ್ಟಿಗಳು ಎಂದೆಲ್ಲ ಸೇರಿ ಸುಮಾರು ಎರಡೂಕಾಲು ಘನ ಅಡಿ ಮರ ಬೇಕಾಗುತ್ತದೆ. ಮಿಲ್ಲಿನಲ್ಲಿ ಕೊಯ್ಯುವಾಗ ಹೋಗುವುದು ಬೇರೆ. ಮರ, ಮಜೂರಿ, ಬೋಲ್ಟುಗಳು ಎಲ್ಲ ಸೇರಿ 15,000 ರೂಪಾಯಿ ಎಂದಿಟ್ಟುಕೊಳ್ಳಿ. ಪ್ಲಾಸ್ಟಿಕ್ಕಿನ ಬೆಂಚು 10,000 ರೂಪಾಯಿ ಎನ್ನಿ. ಸಭೆಯಲ್ಲಿ ನಾವು ನೋಡುವುದು ಈ ಎರಡನ್ನು ಮಾತ್ರ, ಐದು ಸಾವಿರ ಉಳಿಯಿತೆಂದು ಸಂತೋಷಪಡುತ್ತೇವೆ.

ಮರದ ಬೆಂಚಿಗೆ ವರ್ಷಕ್ಕೊಮ್ಮೆ ಉಜ್ಜಿ ಎಣ್ಣೆ ಹಚ್ಚಲು ಎಣ್ಣೆ ಮತ್ತು ಕೂಲಿ ಸೇರಿ 600 ರೂಪಾಯಿ, ಮಧ್ಯೆ ಒಮ್ಮೆ ಕೆಟ್ಟ ಪಟ್ಟಿಗಳನ್ನು ಬದಲಿಸಲು 3,000 ರೂಪಾಯಿ ಹಿಡಿದು, 20 ವರ್ಷ ಬಾಳಿತೆಂದರೆ, ಒಟ್ಟು 30,000; ವರ್ಷಕ್ಕೆ 1,500. ಅದೇ ಬೆಂಚನ್ನು ನಮ್ಮಂತೆ ಮರೆತುಬಿಟ್ಟು, ಆರು ವರ್ಷಕ್ಕೆ ಸೌದೆ ಮಾಡಿದರೆ, ವರ್ಷಕ್ಕೆ 2,500. ಒಳ್ಳೆಯ ಪ್ಲಾಸ್ಟಿಕ್ ಹಲಗೆಯ ಬೆಂಚು, ಕಬ್ಬಿಣದ ಚೌಕಟ್ಟಿಗೆ ಬಣ್ಣ ಬಳಿಯಲು ವರ್ಷಕ್ಕೆ 200 ರೂಪಾಯಿಯಂತೆ ಹಿಡಿದು, 12 ವರ್ಷ ನಿಂತರೆ, ವರ್ಷಕ್ಕೆ 1,033. ಕಳಪೆಯದಾಗಿ ಐದೇ ವರ್ಷಕ್ಕೆ ಬಾಗಿ ಬಿರುಕುಬಿಟ್ಟರೆ, ವರ್ಷಕ್ಕೆ 2,000ಕ್ಕೂ ಮೇಲೆ.

ಅಂದರೆ ಒಳ್ಳೆಯ ಪ್ಲಾಸ್ಟಿಕ್ ಅಗ್ಗ, ಆರೈಕೆಯಿರುವ ಮರ ಅದಕ್ಕಿಂತ ತುಸು ದುಬಾರಿ, ಕಳಪೆ ಪ್ಲಾಸ್ಟಿಕ್ ಇನ್ನೂ ದುಬಾರಿ, ಆರೈಕೆಯಿಲ್ಲದ ಮರ ಎಲ್ಲಕ್ಕಿಂತ ದುಬಾರಿ. ಮೊದಲ ಎರಡರ ನಡುವಿನ ಅಂತರ ಬೆಂಚೊಂದಕ್ಕೆ ವರ್ಷಕ್ಕೆ 467 ರೂಪಾಯಿ. ಇಪ್ಪತ್ತು ಬೆಂಚುಗಳಿಗೆ ಸುಮಾರು 9,300. ನಾನೂರು ಕುಟುಂಬಗಳ ಧರ್ಮಕೇಂದ್ರದಲ್ಲಿ ಕುಟುಂಬಕ್ಕೆ ವರ್ಷಕ್ಕೆ ಸುಮಾರು 23 ರೂಪಾಯಿ. ಯುವಜನರು ಒಂದು ದಿನ ಶ್ರಮದಾನ ಮಾಡಿ, ಎಣ್ಣೆಯ ಖರ್ಚು ಮಾತ್ರ 250 ರೂಪಾಯಿ ಬಂದರೆ, ಮರದ ಬೆಂಚಿನ ಖರ್ಚು ವರ್ಷಕ್ಕೆ 1,150ಕ್ಕೆ ಇಳಿಯುತ್ತದೆ. ಆಗ ಎರಡರ ನಡುವೆ ಜಗಳವಾಡುವಷ್ಟು ವ್ಯತ್ಯಾಸವೇ ಉಳಿಯುವುದಿಲ್ಲ.

ಇನ್ನು ವಸ್ತುಗಳ ಗುಣಾವಗುಣ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಮರವನ್ನು ಕೊಲ್ಲುವುದು ನೀರಲ್ಲ, ಆರದೆ ಉಳಿಯುವ ತೇವ. ತೇವ ಉಳಿದಲ್ಲಿ ಶಿಲೀಂಧ್ರ ಬೆಳೆಯುತ್ತದೆ, ಮಣ್ಣು ತಾಗಿದಲ್ಲಿ ಗೆದ್ದಲು ಬರುತ್ತದೆ. ಆದುದರಿಂದಲೇ ಹಿರಿಯರು ಮರದ ಕಂಬವನ್ನು ನೆಲಕ್ಕೆ ಊರದೆ ಕಲ್ಲಿನ ಮೇಲೆ ನಿಲ್ಲಿಸುತ್ತಿದ್ದರು. ಸಾಗುವಾನಿ, ಹೊನ್ನೆ, ಹಲಸು ಎಂದು ಹೆಸರು ಹೇಳಿದರೆ ಸಾಲದು; ಕೆಚ್ಚು ಎಷ್ಟಿದೆ ಎಂದು ನೋಡಬೇಕು. ಕೆಚ್ಚಿನ ಹೊರಗಿನ ಬಿಳಿಭಾಗ ಸಾಗುವಾನಿಯದಾದರೂ ಬೇಗನೆ ಕೊಳೆಯುತ್ತದೆ. ಎಳೆಯ ನೆಡುತೋಪಿನ ಮರದಲ್ಲಿ ಈ ಬಿಳಿಭಾಗವೇ ಹೆಚ್ಚು. ಬಣ್ಣ ಬಳಿದ ಮೇಲೆ ಅದನ್ನು ಗುರುತಿಸುವುದು ಕಷ್ಟ. ಆದುದರಿಂದ ಮರವನ್ನು ಬಣ್ಣ ಬಳಿಯುವ ಮೊದಲೇ, ಮಿಲ್ಲಿನಲ್ಲೇ, ತಿಳಿದವರೊಬ್ಬರು ಹೋಗಿ ನೋಡುವುದು ಲೇಸು.

ಎಣ್ಣೆಯ ವಿಷಯದಲ್ಲಿ ನಾವು ದೂರ ಹೋಗಬೇಕಾಗಿಲ್ಲ. ಗೇರುಬೀಜದ ಸಿಪ್ಪೆಯಿಂದ ತೆಗೆದ ಎಣ್ಣೆಯನ್ನು ನಮ್ಮವರು ದೋಣಿಗೂ ಮಾಡಿನ ಮರಕ್ಕೂ ಹಿಂದಿನಿಂದಲೂ ಬಳಿಯುತ್ತ ಬಂದಿದ್ದಾರೆ. ಕಪ್ಪು ಬಣ್ಣ, ಮೈಗೆ ತಾಗಿದರೆ ಸುಡುವ ಗುಣ, ಪೂರ್ತಿ ಒಣಗುವ ತನಕ ಬಟ್ಟೆಗೆ ಹಿಡಿಯುವ ಕಲೆ ಇವೆಲ್ಲ ಅದರ ದೋಷಗಳು. ಭಾನುವಾರದ ಬಿಳಿ ಲಂಗ ತೊಟ್ಟ ಮಕ್ಕಳ ತಾಯಂದಿರು ಇದನ್ನು ಕ್ಷಮಿಸಲಾರರು. ಆದರೆ ಬೆಂಚಿನ ಕಾಲುಗಳಿಗೂ ಅಡಿಭಾಗಕ್ಕೂ ಏಪ್ರಿಲ್ ಬಿಸಿಲಿನಲ್ಲಿ ಬಳಿದು ಒಣಗಿಸಿದರೆ ಅದಕ್ಕೆ ಸರಿಸಾಟಿ ಇಲ್ಲ. ನೋವನಿಗೆ ನಾವೆ ಕಟ್ಟಲು ಅಪ್ಪಣೆಯಾದಾಗಲೂ ಮರದ ಜೊತೆಗೆ ಒಳಗೂ ಹೊರಗೂ ರಾಳ ಬಳಿಯಬೇಕೆಂಬ ಸೂಚನೆ ಬಂದಿತ್ತು ಎಂಬುದನ್ನು ಮಂಡಳಿಯ ಸದಸ್ಯರು ಗಮನಿಸಬಹುದು.

ಪ್ಲಾಸ್ಟಿಕ್ಕಿಗೆ ಶಿಲೀಂಧ್ರವೂ ಇಲ್ಲ, ಗೆದ್ದಲೂ ಇಲ್ಲ ಎಂಬುದು ನಿಜ. ಅದರ ಶತ್ರು ಬಿಸಿಲು. ಸೂರ್ಯನ ಅತಿನೇರಳೆ ಕಿರಣಗಳು ಅದನ್ನು ಮೆಲ್ಲಗೆ ಪೆಡಸುಗೊಳಿಸುತ್ತವೆ. ತಯಾರಿಸುವಾಗಲೇ ಮಸಿಯನ್ನೋ ತಕ್ಕ ರಾಸಾಯನಿಕವನ್ನೋ ಬೆರೆಸದಿದ್ದರೆ ಮೇಲ್ಮೈ ಬಿಳಿಚಿ ಬಿರುಕು ಬಿಡುತ್ತದೆ, ಪುಡಿಯಾಗಿ ಮಣ್ಣು ಸೇರುತ್ತದೆ. ಎರಡನೆಯದು ಬಾಗುವಿಕೆ. ಶ್ಯಾಂಪೂ ಬಾಟಲಿ, ಕ್ಯಾನುಗಳಂತಹವುಗಳನ್ನು ಕರಗಿಸಿ ಮಾಡಿದ ಪಾಲಿಎಥಿಲೀನ್ ಹಲಗೆಗಿಂತ ಸಾಗುವಾನಿಯು ಸುಮಾರು ಹತ್ತು ಪಟ್ಟು ಬಿಗಿ. ಮರದ ಪಟ್ಟಿಗೆ ಎರಡು ತುದಿಗಳಲ್ಲಿ ಆಧಾರ ಸಾಕಾಗುವಲ್ಲಿ ಪ್ಲಾಸ್ಟಿಕ್ ಪಟ್ಟಿಗೆ ನಡುವೆಯೂ ಒಂದೆರಡು ಕಾಲುಗಳು ಬೇಕು. ಇಲ್ಲವಾದರೆ ಎರಡು ಬೇಸಿಗೆಯಲ್ಲಿ ಬೆಂಚು ತೊಟ್ಟಿಲಿನಂತೆ ಜಗ್ಗುತ್ತದೆ, ಜಗ್ಗಿದ ಮೇಲೆ ಮೊದಲಿನಂತಾಗುವುದಿಲ್ಲ. ಮೂರನೆಯದು ಹಿಗ್ಗುವಿಕೆ. ಬೆಳಗಿನ ತಂಪಿಗೂ ಮಧ್ಯಾಹ್ನದ ಬಿಸಿಲಿಗೂ ನಡುವೆ ಆರಡಿಯ ಪ್ಲಾಸ್ಟಿಕ್ ಪಟ್ಟಿಯೊಂದು ನಾಲ್ಕೈದು ಮಿಲಿಮೀಟರ್ ಉದ್ದವಾಗಬಲ್ಲದು. ಬೋಲ್ಟಿನ ತೂತು ಉದ್ದನೆಯದಾಗಿರದಿದ್ದರೆ ಪಟ್ಟಿ ಡೊಂಕಾಗುತ್ತದೆ, ಇಲ್ಲವೇ ತೂತಿನ ಬಳಿಯೇ ಸೀಳುತ್ತದೆ. ಇವೆಲ್ಲ ಪ್ಲಾಸ್ಟಿಕ್ಕಿನ ಮೇಲಿನ ದೂರುಗಳಲ್ಲ. ಮಾರುವವರಲ್ಲಿ ಕೇಳಬೇಕಾದ ಪ್ರಶ್ನೆಗಳು. ಉತ್ತರ ಕೊಡಲಾರದವರಿಂದ ಕೊಳ್ಳಬಾರದು.

ಕಡಲಬದಿಯ ಚರ್ಚುಗಳವರು ಇನ್ನೊಂದನ್ನು ಯೋಚಿಸಬೇಕು. ಉಪ್ಪುಗಾಳಿ ಮರಕ್ಕೂ ಪ್ಲಾಸ್ಟಿಕ್ಕಿಗೂ ಹೆಚ್ಚೇನೂ ಮಾಡದು. ಅದು ತಿನ್ನುವುದು ಕಬ್ಬಿಣದ ಚೌಕಟ್ಟನ್ನು ಮತ್ತು ಬೋಲ್ಟನ್ನು. ಹಲಗೆಯ ಬಗ್ಗೆ ಎರಡು ಗಂಟೆ ವಾದಿಸಿ ಬೋಲ್ಟಿನಲ್ಲಿ ಹತ್ತು ರೂಪಾಯಿ ಉಳಿಸುವುದು ನಮ್ಮಲ್ಲಿ ಸಾಮಾನ್ಯ. ತುಕ್ಕು ಹಿಡಿಯದ ಉಕ್ಕಿನ ಬೋಲ್ಟನ್ನೇ ಕೇಳಿ ಹಾಕಿಸುವುದು ಅಗತ್ಯ.

ಎಲ್ಲಿ ಇಡುತ್ತೇವೆ ಎಂಬುದೂ ಮುಖ್ಯ. ತಪಸ್ಸುಕಾಲದ ಶುಕ್ರವಾರಗಳಂದು ಬಯಲಿನಲ್ಲಿ ಶಿಲುಬೆಯ ಹಾದಿ ನಡೆಯುವ ಕಡೆಗಳಲ್ಲಿ, ಮಾರ್ಚ್ ತಿಂಗಳ ಮೂರು ಗಂಟೆಯ ಬಿಸಿಲಿಗೆ ಕಪ್ಪು ಪ್ಲಾಸ್ಟಿಕ್ ಹಲಗೆ ಎಷ್ಟು ಕಾಯುತ್ತದೆಂಬುದನ್ನು ಒಮ್ಮೆ ಅಂಗೈಯಿಟ್ಟು ನೋಡಬೇಕು. ಸಮಾಧಿ ಭೂಮಿಗಂತೂ ಪ್ಲಾಸ್ಟಿಕ್ ಸಲ್ಲದು. ನವೆಂಬರ್ 2ರಂದು, ಮೃತರ ಸ್ಮರಣೆಯ ದಿನ, ನಮ್ಮವರು ಎಲ್ಲೆಂದರಲ್ಲಿ ಮೊಂಬತ್ತಿ ಹಚ್ಚುತ್ತಾರೆ. ಪಾಲಿಎಥಿಲೀನ್ ಸುಮಾರು 130 ಡಿಗ್ರಿ ಶಾಖಕ್ಕೇ ಕರಗುತ್ತದೆ, ಬಳಿಕ ಉರಿಯುತ್ತದೆ. ಮರವೂ ಅಲ್ಲಿ ಬಹುಕಾಲ ಉಳಿಯದು. ಸಮಾಧಿ ಭೂಮಿಗೆ ಶಿಲೆಕಲ್ಲಿನ ಚಪ್ಪಡಿಯೇ ಸರಿ. ಕಾರ್ಕಳದಂತಹ ಕಲ್ಲಿನ ನಾಡು ಪಕ್ಕದಲ್ಲೇ ಇರುವಾಗ ಈ ಮೂರನೆಯ ಕೊಟೇಶನ್ ನಮ್ಮ ಮೇಜಿಗೆ ಏಕೆ ಬರಲಿಲ್ಲವೋ ತಿಳಿಯದು. ಹಂಚಿನ ಮಾಡಿನ ಕೆಳಗೆ, ಪಡಸಾಲೆಯಲ್ಲಿ ಇಡುವ ಬೆಂಚಾದರೆ ಮರವೇ ಉತ್ತಮ. ಮಳೆ ತಾಗದ ಮರ ತಲೆಮಾರುಗಳ ಕಾಲ ನಿಲ್ಲುತ್ತದೆ. ಅನೇಕ ಹಳೆಯ ಚರ್ಚುಗಳ ಒಳಗಿನ ಪೀಠಗಳೇ ಇದಕ್ಕೆ ಸಾಕ್ಷಿ.

ಈಗ ಪರಿಸರದ ಮಾತು. ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ ‘ಲೌದಾತೊ ಸಿ’ ವಿಶ್ವಪತ್ರದ ಬಳಿಕ ನಮ್ಮ ಧರ್ಮಕೇಂದ್ರಗಳಲ್ಲಿ ಪರಿಸರ ಆಯೋಗಗಳು ಹುಟ್ಟಿಕೊಂಡಿವೆ, ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರ ವರೆಗೆ ಸೃಷ್ಟಿಯ ಋತುವನ್ನು ಆಚರಿಸುತ್ತೇವೆ, ಗಿಡ ನೆಡುತ್ತೇವೆ. ಇದು ಸ್ವಾಗತಾರ್ಹ. ಆದರೆ ಆ ಪತ್ರವು ಹೇಳುವುದು ಪ್ಲಾಸ್ಟಿಕ್ಕಿನ ಬಳಕೆಯನ್ನೇ ಕಡಿಮೆ ಮಾಡಬೇಕೆಂದು. ಬಳಸಿ ಬಿಸಾಡಿದ್ದನ್ನು ಬೆಂಚು ಮಾಡಿ ಸಮಾಧಾನಪಟ್ಟುಕೊಳ್ಳಿರೆಂದಲ್ಲ. ಕರ್ನಾಟಕ ಸರಕಾರ 2016ರಲ್ಲೇ ಪ್ಲಾಸ್ಟಿಕ್ ಚೀಲ, ಫ್ಲೆಕ್ಸ್, ತಟ್ಟೆ ಮುಂತಾದವುಗಳನ್ನು ನಿಷೇಧಿಸಿತು; 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಅನೇಕ ಪ್ಲಾಸ್ಟಿಕ್ ವಸ್ತುಗಳಿಗೆ ದೇಶದಾದ್ಯಂತ ನಿಷೇಧವಿದೆ. ಹೀಗಿರುವಾಗ ವಾರ್ಷಿಕ ಹಬ್ಬದ ಮರುದಿನ ಬೆಳಿಗ್ಗೆ ನಮ್ಮ ಮೈದಾನ ಹೇಗಿರುತ್ತದೆಂಬುದನ್ನು ನಾನು ಹೇಳಬೇಕಾಗಿಲ್ಲ. ನೀರಿನ ಬಾಟಲಿಗಳ ರಾಶಿಯ ನಡುವೆ ನಿಂತು ಮರುಬಳಕೆಯ ಬೆಂಚಿನ ಹಿರಿಮೆ ಹೇಳುವುದಕ್ಕೆ ಸ್ವಲ್ಪ ಧೈರ್ಯ ಬೇಕು. ಇನ್ನೊಂದು ವಿಚಾರ: ನೀರಿನ ಬಾಟಲಿಯ ಪ್ಲಾಸ್ಟಿಕ್ ಬೇರೆ, ಈ ಹಲಗೆಗಳಲ್ಲಿ ಸಾಮಾನ್ಯವಾಗಿ ಬಳಸುವ ಪ್ಲಾಸ್ಟಿಕ್ ಬೇರೆ. ನಮ್ಮ ಬಾಟಲಿಗಳೇ ನಮಗೆ ಬೆಂಚಾಗಿ ಮರಳುತ್ತವೆಂಬುದು ಬಹುತೇಕ ಕಲ್ಪನೆ.

ಹಾಗೆಂದು ಮರುಬಳಕೆಯನ್ನು ಹಗುರವಾಗಿ ಕಾಣುವುದು ಅನ್ಯಾಯವಾದೀತು. ಬೀದಿ ಬೀದಿ ಅಲೆದು ಪ್ಲಾಸ್ಟಿಕ್ ಹೆಕ್ಕುವ ಬಡವರಿಗೆ ಅದು ಅನ್ನ. ಅದಕ್ಕೆ ಬೆಲೆ ಇರುವುದು ಅದರಿಂದ ತಯಾರಾದ ವಸ್ತುವನ್ನು ಕೊಳ್ಳುವವರಿದ್ದಾಗ ಮಾತ್ರ. ಚರ್ಚು, ಶಾಲೆ, ಆಸ್ಪತ್ರೆಗಳು ಕೊಳ್ಳಲು ಮುಂದಾದರೆ ಆ ಸರಪಳಿಯ ಕೊನೆಯಲ್ಲಿರುವ ಕೈಗೂ ನಾಲ್ಕು ಕಾಸು ಸೇರುತ್ತದೆ. ಪ್ಲಾಸ್ಟಿಕ್ ಪಕ್ಷದವರು ಈ ವಾದವನ್ನು ಸಭೆಯಲ್ಲಿ ಎತ್ತಲೇ ಇಲ್ಲ. ನನ್ನ ಮಟ್ಟಿಗೆ ಅವರ ಅತ್ಯಂತ ಬಲವಾದ ವಾದ ಅದೇ. ಅಂತೆಯೇ ಮರದ ಪಕ್ಷದವರು, ಸಾಗುವಾನಿಯಂತಹ ಮರವನ್ನು ಕಡಿಯಲು ಮತ್ತು ಸಾಗಿಸಲು ಅರಣ್ಯ ಇಲಾಖೆಯ ಪರವಾನಿಗೆ ಬೇಕೆಂಬುದನ್ನು ಮರೆಯಬಾರದು. ದಾಖಲೆಯಿಲ್ಲದ ಮರ ಅಗ್ಗವಾಗಿ ಸಿಗುತ್ತದೆಂದು ದೇವರ ಅಂಗಳಕ್ಕೆ ತರುವುದು ಯಾವ ಲೆಕ್ಕದಲ್ಲೂ ಉಳಿತಾಯವಲ್ಲ. ಚರ್ಚಿನ ತೋಟದಲ್ಲೇ ಗಾಳಿಗೆ ಬಿದ್ದ ಹಲಸೋ ಮಾವೋ ಇದ್ದರೆ ಮಾತು ಬೇರೆ. ಕ್ರಮಪ್ರಕಾರ ಅನುಮತಿ ಪಡೆದು ಕೊಯ್ಯಿಸಿದರೆ ಹಲಸಿನ ಬೆಂಚಿಗಿಂತ ಅಗ್ಗದ್ದು ಇನ್ನೊಂದಿಲ್ಲ. ಮಾವನ್ನು ಮಾತ್ರ ಮಳೆಗೆ ಇಡಬೇಡಿ.

ನಾನು ಹೇಳಬೇಕೆಂದಿರುವ ಮುಖ್ಯ ವಿಷಯ ಇನ್ನೂ ಬಾಕಿಯಿದೆ. ನಮ್ಮಲ್ಲಿ ಬೆಂಚುಗಳನ್ನು ಧರ್ಮಕೇಂದ್ರ ಕೊಳ್ಳುವುದು ಅಪರೂಪ. ದಾನಿಗಳು ಕೊಡುತ್ತಾರೆ: ತಂದೆಯ ಸ್ಮರಣಾರ್ಥ, ತಾಯಿಯ ಸ್ಮರಣಾರ್ಥ, ಮುಂಬಯಿ ಅಥವಾ ಕೊಲ್ಲಿಯಲ್ಲಿರುವ ಮಕ್ಕಳು ಪ್ರೀತಿಯಿಂದ ಕಳುಹಿಸಿದ ಹಣ. ಬೆನ್ನಹಲಗೆಯ ಮೇಲೆ ಹೆಸರು ಬರುತ್ತದೆ, ಧರ್ಮಗುರುಗಳು ಆಶೀರ್ವದಿಸುತ್ತಾರೆ, ಫೋಟೋ ತೆಗೆಯುತ್ತೇವೆ. ಬೆಲೆಯನ್ನು ಕೊಡುವವರು ದಾನಿಗಳು. ಖರ್ಚನ್ನು ಹೊರುವವರು ಧರ್ಮಕೇಂದ್ರದವರು. ಕೊಡುವವರಿಗೆ ಖರ್ಚು ಕಾಣುವುದಿಲ್ಲ, ಹೊರುವವರಿಗೆ ‘ಬೇಡ’ ಎನ್ನುವ ಧೈರ್ಯವಿರುವುದಿಲ್ಲ. ಮೂರು ವರ್ಷಕ್ಕೊಮ್ಮೆ ಮಂಡಳಿ ಬದಲಾಗುತ್ತದೆ, ಆರೇಳು ವರ್ಷಕ್ಕೆ ಧರ್ಮಗುರುಗಳಿಗೆ ವರ್ಗವಾಗುತ್ತದೆ. ಬೆಂಚು ಮಾತ್ರ ಅಲ್ಲೇ ಮಳೆಯಲ್ಲಿ ನೆನೆಯುತ್ತಿರುತ್ತದೆ. ಕೊಳೆತ ಹಲಗೆಯ ಮೇಲೆ ಅರ್ಧ ಅಳಿದ ತಾಯಿಯ ಹೆಸರನ್ನು ಓದುವ ಮಗನಿಗೆ ಏನನ್ನಿಸಬಹುದು?

ಆದುದರಿಂದ ಬೆಂಚನ್ನು ಸ್ವೀಕರಿಸುವಾಗಲೇ ಅದರ ಬೆಲೆಯ ಐದರಲ್ಲೊಂದು ಭಾಗವನ್ನು ಆರೈಕೆಗಾಗಿ ದಾನಿಗಳಿಂದ ಕೇಳಿ ಪಡೆದು, ಬ್ಯಾಂಕಿನಲ್ಲಿ ಬೇರೆಯೇ ಖಾತೆಯಲ್ಲಿ ಇಡಬೇಕೆಂಬುದು ನನ್ನ ಸಲಹೆ. ಐದು ಬೆಂಚುಗಳ ಹಣವಿದ್ದವರು ನಾಲ್ಕನ್ನೇ ಕೊಡಲಿ. ಜೊತೆಗೆ ಪ್ರತಿ ವಾಳೆಗೆ ಎರಡೋ ಮೂರೋ ಬೆಂಚುಗಳನ್ನು ಹಂಚಿ, ಗುರಿಕಾರರ ಹೆಸರಿನಲ್ಲಿ ಬರೆದಿಡಬೇಕು. ವರ್ಷಕ್ಕೊಂದು ಶನಿವಾರ, ಪಾಸ್ಖ ಹಬ್ಬ ಕಳೆದು ಮಳೆ ಹಿಡಿಯುವುದರೊಳಗೆ, ಅವರೇ ನಿಂತು ಕೆಲಸ ಮಾಡಿಸಲಿ. ಇದಕ್ಕೆ ಒಪ್ಪಿಗೆಯಿದ್ದರೆ ಗ್ರೊಟ್ಟೊದ ಎದುರು ಮರದ ಬೆಂಚನ್ನೇ ಹಾಕೋಣವೆಂಬುದು ನನ್ನ ಮತ. ಊರಿನ ಆಚಾರಿಗೆ ಕೆಲಸ, ಕೆಟ್ಟ ಪಟ್ಟಿಯನ್ನಷ್ಟೇ ಬದಲಿಸುವ ಅನುಕೂಲ, ಕೊನೆಗೆ ಮಣ್ಣಿಗೋ ಒಲೆಗೋ ಸೇರುವ ವಸ್ತು. ಪ್ಲಾಸ್ಟಿಕ್ ಹಲಗೆಗೆ ಆಯುಷ್ಯ ಮುಗಿದಾಗ ಹಿಂದಕ್ಕೆ ಪಡೆಯುತ್ತೇನೆಂದು ಮಾರುವವರು ಬರೆದುಕೊಡದಿದ್ದರೆ, ಅದು ಮತ್ತೆ ನಮ್ಮದೇ ಕಸ. ಆದರೆ ಒಪ್ಪಿಗೆಯಿಲ್ಲದಿದ್ದರೆ, ‘ನೋಡೋಣ, ಯುವಕರಿದ್ದಾರಲ್ಲ’ ಎಂಬ ಹಳೆಯ ಮಾತೇ ಬಂದರೆ, ಪ್ರಾಮಾಣಿಕವಾಗಿ ಪ್ಲಾಸ್ಟಿಕ್ಕನ್ನೇ ಕೊಳ್ಳೋಣ. ನಡುವೆ ಆಧಾರವಿರುವ, ಬಿಸಿಲಿಗೆ ತಡೆಯುವ, ಬರವಣಿಗೆಯಲ್ಲಿ ಖಾತರಿಯಿರುವ ಪ್ಲಾಸ್ಟಿಕ್ಕನ್ನು. ಮಾಡಲಾರದ ಆರೈಕೆಯನ್ನು ನಂಬಿ ಮರವನ್ನು ಹಾಳುಮಾಡುವುದಕ್ಕಿಂತ ಅದು ಮೇಲು.

ಯಾವುದನ್ನು ಆರಿಸಿದರೂ ಒಂದನ್ನು ಬಿಡಬಾರದು. ಕೂರುವ ಹಲಗೆ ನೆಲದಿಂದ ಹದಿನೆಂಟು ಇಂಚು ಎತ್ತರದಲ್ಲಿರಲಿ, ಎರಡೂ ಬದಿಯಲ್ಲಿ ಕೈಯೂರಿ ಏಳಲು ಹಿಡಿಕೆಯಿರಲಿ. ಹಿಡಿಕೆ ಬೇಡವೆಂದರೆ ಬೆಂಚಿಗೆ ಐನೂರು ರೂಪಾಯಿ ಕಡಿಮೆಯಾಗುತ್ತದೆಂದು ನಮ್ಮ ಸಭೆಯಲ್ಲೊಬ್ಬರು ಸೂಚಿಸಿದರು. ಅಂಗಳದ ಬೆಂಚಿನ ಮೇಲೆ ಕೂರುವವರು ಯಾರು? ಬೈಕಿನಲ್ಲಿ ಬಂದು ಬಲಿಪೂಜೆ ಮುಗಿದೊಡನೆ ಹೋಗುವವರಲ್ಲ. ಮಗ ಕಾರು ತರುವ ತನಕ, ಬಸ್ಸಿನ ಹೊತ್ತಾಗುವ ತನಕ, ಇಲ್ಲವೇ ಮನೆಯಲ್ಲಿ ಮಾತನಾಡಲು ಯಾರೂ ಇಲ್ಲದ್ದರಿಂದ ಇನ್ನಷ್ಟು ಹೊತ್ತು ಕಾಯುವ ವೃದ್ಧರು. ಮಂಡಿನೋವಿನವರಿಗೆ ಹಿಡಿಕೆಯಿಲ್ಲದ ಬೆಂಚು ಇದ್ದೂ ಇಲ್ಲದಂತೆ. ಅಂದು ಬಿದ್ದ ಆ ತಾಯಿ ಮತ್ತೆ ಎಂದೂ ಗ್ರೊಟ್ಟೊದ ಎದುರು ಕೂರಲಿಲ್ಲ; ನಿಂತೇ ಜಪಸರ ಮುಗಿಸಿ ಹೋಗುತ್ತಿದ್ದರು.

ಮುಂದಿನ ಸಭೆ ಬರುವ ತಿಂಗಳ ಎರಡನೆಯ ಭಾನುವಾರ, ಎರಡನೆಯ ಬಲಿಪೂಜೆಯ ಬಳಿಕ. ಅಷ್ಟರೊಳಗೆ ಕಲ್ಲಿನವರಿಂದ ಒಂದು ಕೊಟೇಶನ್ ತರಿಸಲು ಕಾರ್ಯದರ್ಶಿಯವರು ಒಪ್ಪಿದ್ದಾರೆ. ಬೆಂಚು ಯಾವುದೇ ಬರಲಿ, ಕಾಲಿನಡಿಗೆ ಹಾಸಲು ನಲವತ್ತು ಚಪ್ಪಡಿ ತುಂಡುಗಳು ಬೇಕಾಗುತ್ತವೆ. ಅವನ್ನಂತೂ ಈ ಮಳೆಗಾಲಕ್ಕೆ ಮುನ್ನವೇ ನೆಲಕ್ಕೆ ಕೂರಿಸಬಹುದು.